ಗೀರು ಬಿದ್ದ ಪ್ಲೇಟು

ಬಾ, ಬಾ, ಬಾ — ಹಂದರದ ಗಳ ನಡಗಾಕತ್ತಾವು, ಹುಬ್ಬಳ್ಳಿ ಹುಡುಗ್ರ ಪಾರ್ಟಿ ಅಂತ, ಕರೆಂಟಿನ ಗಿಟಾರು, ಡ್ರಮ್ಮು, ನನ್ನ ಮಗಳ ಮದುವ್ಯಾಗ ನನ್ನ ಹಾಡ ಹಾಡಾಕತ್ತಾವು, ಹಿರೇಕೆರೂರ ಅಡಿವೆವ್ವನ ಹಾಡು, ಬಾಗಲಾ ತೆರದೇನಿ ಬಾ, ನಾ ಹಿಂಗ ಹಾಡಿದ್ನೇನು, ಒಂದ ಬಾ ಇತ್ತು, ಎಳದು ಮ್ಯಾಲ ಒಯ್ದು ದನಿ ಒಡದು ಬಿಟ್ಟಿದ್ದು, ನಾಟಕ ಕಂಪನ್ಯಾಗ ಮೈಕು ಎಲ್ಲಿತ್ತು, ಹಾನಗಲ್ಲದಾಗ ಕಟ್ಟಕಡೀಕ ನೆಲದ ಮ್ಯಾಲ ಕುಂತವಗೂ ಮುಟ್ಟಬೇಕು, ಮುಟ್ಟಿದ್ರ ಒನ್ಸ್ ಮೋರ್, ಮತ್ತ ಹಾಡು, ಮುಂಬೈದವರು ಬಂದು ಗ್ರಾಮಫೋನ್ ಪ್ಲೇಟೂ ಮಾಡ್ಕೊಂಡು ಹೋದ್ರು, ಆಮ್ಯಾಲ ಮೈಲಾರಲಿಂಗಪ್ಪ ಬಂದ್ರು, ಬಣ್ಣ ಬಿಡು, ಹಾಡೂದು ಬಿಡು, ತಾಳಿ ಕಟ್ಟತೇನಿ, ಕಂಪನಿ ಹೆಂಗಸು ಅಂತ ಯಾರಿಗೂ ಗೊತ್ತಾಗೂದು ಬ್ಯಾಡ, ನಾ ಬಾಯಿಲೆ ಆಣಿ ಮಾಡಲಿಲ್ಲ, ಮೊಳಿ ತಗೊಂಡು ಪ್ಲೇಟಿನ ಮ್ಯಾಲ ಗೀರು ಎಳದೆ, ಸಾಕೇನ್ರಿ ಅಂದೆ, ಸಿಟ್ಟಿತ್ತು ನನಗ, ಈಗೂ ಐತಿ. ಆ ಪ್ಲೇಟು ಹಳೇ ಸಾಮಾನು ಕೊಳ್ಳೂ ಮೋಡಕಾದವನ ಕೈಯಿಂದ ಯಲವಿಗಿ ಸ್ಟೇಷನ್ ಚಾದಂಗಡಿಗೆ ಹೋತು — ಈಗ ಮೈಕಿನಾಗ ಗಿಟಾರಿನವ ಅದನ್ನ ಹೇಳಿದ, ರೈಲು ಕಾಯಕೋಂತ ಕುಂತು ಕಲ್ತೇವ್ರಿ, ಯಾರ ಹಾಡ್ಯಾರೋ ಗೊತ್ತಿಲ್ರಿ, ಬಾ ಬಾ ಬಾ ಅಂದಮ್ಯಾಲ ಚಾದಂಗಡಿ ಫಕ್ರುಸಾಬ ಸೂಜಿ ಎತ್ತತಿದ್ದ, ಹಾಡು ಅಷ್ಟ ಐತ್ರಿ. ಅಷ್ಟ ಐತೇನೋ ತಮ್ಮಾ, ಸೂಜಿ ಸಿಗಿಬಿದ್ದದ್ದು ಅದು, ನನ್ನ ಗೀರಿನ್ಯಾಗ, ಅದಕ್ಕ ಕುಣಿತೈತಿ ಇಡೀ ಸೀಮಿ.

ಹುಡುಗ್ರು ನಿಲ್ಲಿಸಿದ್ರು, ಮಗಳು ಗಂಡನ ಮನಿ ಹೊಸ್ತಿಲಕ್ಕ ಬಂದಾಳ, ಬೀಗತಿ ಅನ್ನವ್ವ ಅಡ್ಡ ಕೈ ಇಟ್ಟಾಳ, ಒಡಪು ಹೇಳು, ಗಂಡನ ಹೆಸರು ಹೇಳದ ಒಳಗ ಬಿಡಂಗಿಲ್ಲ, ಬೆಳಿಗ್ಗೆ ಇದ ಅನ್ನವ್ವ ಅಂದಿದ್ಳು, ನಾಟಕದವ್ರ ಮನಿ ನೀರೂ ಕುಡಿಯಂಗಿಲ್ರಿ ನಾವು, ನಾ ಹೂಂ ಅಂತ ತಲಿ ಹಾಕಿದ್ದೆ. ನನ್ನ ಸಾವಂತ್ರಿ ತಲಿ ಬಗ್ಗಿಸಿ, ರಾಗ ಹಿಡದು, ಬಾಗಲಾ ತೆರದೇನಿ ಬಾ, ಎಣ್ಣಿ ತೀರೂದರಾಗ ದೀಪಾ ನೋಡ ಬಾ, ಚಂದ್ರಪ್ಪನವರ ಹೆಸರ ಹೇಳಿ ಒಳಗ ಬರತೇನಿ — ಯವ್ವಾ, ಗೀರಿನ ಆಚಿ ಸಾಲು, ಇಕಿಗೆ ಹೆಂಗ, ಮನ್ಯಾಗ ಒಂದಿನಾ ದನಿ ತಗದಿಲ್ಲ ನಾನು, ಬರೇ ರೊಟ್ಟಿ ಬಡಿಯೋ ಸಪ್ಪಳದ ಕೆಳಗ, ತುಟಿ ಒಳಗ ಗುನುಗಿದ್ದು, ಒಲಿ ಮುಂದ ಕುಂತು ಇಕಿ ಅಷ್ಟೂ ಕೇಳ್ಯಾಳ. ಯಾರ ಕಲಿಸ್ಯಾರವ್ವಾ ಇದನ್ನ, ಅನ್ನವ್ವ ಕೇಳಾಕತ್ತಾಳ, ಸುಳ್ಳು ಹೇಳು ಮಗಳ, ನಿನ್ನ ಬಾಳೇವು ಕೆಟ್ಟೀತು, ಸುಳ್ಳು ಹೇಳು — ನಮ್ಮವ್ವಾರಿ, ಈ ಹಾಡ ಅಕಿದು, ಅಂದ್ಳು, ಹೆದರಲಿಲ್ಲ ನನ್ನ ಮಗಳು. ಎಲ್ಲಾ ಕಣ್ಣು ನನ್ನ ಮ್ಯಾಲ, ಅನ್ನವ್ವನ ಕೈ ಇನ್ನೂ ಹೊಸ್ತಿಲಕ್ಕ ಅಡ್ಡ, ಗಿಟಾರಿನವ ಓಡಿ ಬಂದು ಮೈಕು ಹಿಡದಾನ, ಮುಂದಿಂದು ಹೇಳ್ರಿ ಅವ್ವಾರ, ಮೈಲಾರಲಿಂಗಪ್ಪ ನೆಲಾ ನೋಡಕೋಂತ, ಹಾಡು ಅಡಿವೆವ್ವಾ, ಅಂದ್ರು, ಅಂದ್ರು ಹೌದು, ಕಡೀಗೆ ಅಂದ್ರು. ಹಾಡತೇನಿ, ಎಣ್ಣಿ ಐತಿ, ದೀಪ ಐತಿ, ಎಲ್ಲಾ ನೆನಪೈತಿ, ಬಾಗಲಾ ತೆರದೇನಿ ಬಾ, ಮುಂದ, ಬಾ, ಮುಂದ ಹೋಗವಲ್ದು, ಬಾ, ಹುಡುಗ್ರು ಗಿಟಾರು ಎತ್ತಿಕೊಂಡ್ರು, ಹಾಡ ಇದ ಅಂತ ಮಂದಿ ಚಪ್ಪಾಳಿ ಹೊಡದು ಕುಣಿಯಾಕತ್ತೈತಿ, ಗಂಟಲದಾಗ ಸೂಜಿ, ಗೀರು, ಬಾ, ಸೂಜಿ, ಬಾ