ಕಮಾನು ಹಿಂದಿರುಗಿಸಿದ್ದು

ಮತ್ತೆ ಯಾರೋ ಕೆಮ್ಮಿದರು, ಆ ಕೆಮ್ಮು ಕಂಬದಿಂದ ಕಂಬಕ್ಕೆ ತಾಗಿ ಕಮಾನಿನವರೆಗೆ ಏರಿ ಇನ್ನೂ ಇಳಿದೇ ಇಲ್ಲ, ಈ ಕೆಥೆಡ್ರಲ್‌ನಲ್ಲಿ ಕೆಮ್ಮಿಗೂ ಎಂಥ ಮರ್ಯಾದೆ — ವೃಂದಗಾನಕ್ಕೆ ಇದಕ್ಕಿಂತ ಒಳ್ಳೆ ಜಾಗ ಇದೆಯೇನ್ರೀ, ಅಂತಾರೆ ಟಿಕೆಟ್ ಕೊಂಡು ಕೂತವರು, ಅವರಿಗೇನು, ಇಲ್ಲಿ ಬಂದು ನಿಂತು ನೋಡಲಿ, ಅಂಗಾಲಿನಿಂದ ಮಂಡಿಗೆ ಏರುವ ಕಲ್ಲಿನ ಥಂಡಿ, ಮೂಗಿಗೆ ಮೇಣದ ಹೊಗೆ, ನಾವು ಹಾಡಿ ಮುಗಿಸಿದ ಸಾಲು ತಲೆಯ ಮೇಲೆ ಸುತ್ತಾಡಿ ಮುಂದಿನ ಸಾಲಿನ ಮೇಲೆ ಬಂದು ಬೀಳುತ್ತದೆ, ಅದಕ್ಕೇ ಮೇಷ್ಟ್ರು ಬಡಕೊಳ್ಳುವುದು, ಕಟ್ಟಡದ ಮಾತು ಕೇಳ್ಬೇಡಿ, ನನ್ನ ಕೈ ನೋಡಿ, ಕೈ ನೋಡಿ. ಅಕ್ಕನೂ ನೋಡುತ್ತಾಳೆ ಪಾಪ, ಆದರೆ ಅವಳ ಕಿವಿ ಮಂದವಾಗಿದೆ, ಪಕ್ಕದಲ್ಲೇ ನಿಂತ ನನ್ನ ದನಿ ಕೇಳದು, ಮೇಲಿಂದ ತಿರುಗಿ ಬಂದದ್ದು ಮಾತ್ರ ಕೇಳುತ್ತದೆ, ಅದನ್ನೇ ಹಿಡಿದು ಹಾಡುತ್ತಾಳೆ, ಎಲ್ಲರೂ ನಿಲ್ಲಿಸಿದ ಮೇಲೆ, ಬಾಯಿ ಅಗಲ ತೆರೆದು, ಒಬ್ಬಳೇ. ನಿನ್ನೆ ಇಲ್ಲೇ ತಾಲೀಮಿನಲ್ಲಿ ಹಿಂದಿನ ಸಾಲಿನ ಗಂಡಸರು ಕಿಸಕ್ಕೆಂದರು, ಮೇಷ್ಟ್ರು ನನ್ನನ್ನು ಕಂಬದ ಮರೆಗೆ ಕರೆದು, ನಿಮ್ಮಕ್ಕಂಗೆ ನೀವೇ ಹೇಳ್ಬಿಡಿ, ನಾಳೆ ಬಾಯಿ ಮಾತ್ರ ಆಡಿಸ್ಲಿ, ದನಿ ಬೇಡ, ನಾನು ಹೇಳಿದ್ರೆ ಬೇಜಾರು ಮಾಡ್ಕೋತಾರೆ, ಅಂದರು. ಆಹಾ, ಅವರು ಒಳ್ಳೆಯವರಾಗಿರಲಿ, ನಿಷ್ಠುರ ನನ್ನ ತಲೆಗಿರಲಿ! ಇಷ್ಟು ಬೈದುಕೊಳ್ಳುವ ನಾನು ಅವರೆದುರು ಹೇಳಿದ್ದೇನು, ಆಯ್ತು ಮೇಷ್ಟ್ರೇ, ಹೇಳ್ತೀನಿ. ಹೇಳಲಿಲ್ಲ. ಹೇಗೆ ಹೇಳಲಿ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನನಗೆ ಸ್ವರ ಹಿಡಿಯಲು ಕಲಿಸಿದವಳು ಅವಳು, ಇವತ್ತಿಗೂ ಆರ್ಗನ್ ಕೊಟ್ಟ ಸ್ವರ ನನಗೆ ಸಿಕ್ಕುವುದಿಲ್ಲ, ಅಕ್ಕ ಬಾಯಿ ತೆರೆಯಬೇಕು, ಅವಳದನ್ನು ಹಿಡಿದುಕೊಂಡು ನಾನು ಹೊರಡಬೇಕು, ಇದು ಮೇಷ್ಟ್ರಿಗೆ ಗೊತ್ತಿಲ್ಲ, ಗೊತ್ತಾದರೆ ಇಬ್ಬರನ್ನೂ ಮನೆಗೆ ಕಳಿಸುತ್ತಾರೆ. ಈಗ ಸ್ವಲ್ಪ ಮುಂಚೆ ಉಡುಪಿನ ಕೋಣೆಯಲ್ಲಿ ಅವಳ ಕಾಲರಿಗೆ ಪಿನ್ನು ಹಾಕುವಾಗ ಹೇಳಿಯೇಬಿಡೋಣ ಅನ್ನಿಸಿತು, ಏನೇ ಅದು ಬಾಯಲ್ಲಿ ಇಟ್ಕೊಂಡು ನಿಂತಿದೀಯ, ಅಂದಳು, ಏನಿಲ್ಲ ಅಕ್ಕಾ, ಪಿನ್ನು, ಎಂದು ಅವಳ ಕಿವಿಗೆ ಕೇಳುವಂತೆ ಕೂಗಿದೆ, ನಕ್ಕಳು, ಯಾಕೋ ನನ್ನ ಕೆನ್ನೆ ತಟ್ಟಿದಳು — ಅಯ್ಯೋ, ಮೇಷ್ಟ್ರ ಕೈ ಎದ್ದೇಬಿಟ್ಟಿತು, ಆರ್ಗನ್ ಸ್ವರ ಕೊಟ್ಟಾಯಿತು.

ನಮ್ಮ ಸಾಲು ಶುರುವಾಗಿದೆ, ಎಲ್ಲರೂ ಹಾಡುತ್ತಿದ್ದಾರೆ, ಅಕ್ಕನೂ ಉಸಿರೆಳೆದಳು, ಬಾಯಿ ತೆರೆದಳು, ನಾನು ಕಾಯುತ್ತಿದ್ದೇನೆ, ಬರಲಿ, ಎಲ್ಲಿ, ತುಟಿ ಆಡುತ್ತಿದೆ, ಕೊರಳಿನ ನರ ಕೂಡ ಎದ್ದಿಲ್ಲ, ದನಿಯೇ ಇಲ್ಲ — ಯಾರು ಹೇಳಿದರು ಇವಳಿಗೆ, ನಾನಂತೂ ಹೇಳಲಿಲ್ಲ, ಮೇಷ್ಟ್ರಿಗೆ ಆ ಧೈರ್ಯವೇ ಇಲ್ಲ, ಮತ್ತೆ — ಕಂಬದ ಮರೆ, ಥೂ, ಈ ಕಟ್ಟಡದಲ್ಲಿ ಮರೆ ಎನ್ನುವುದು ಎಲ್ಲಿದೆ, ಅಲ್ಲಿ ಪಿಸುಗುಟ್ಟಿದ್ದೆಲ್ಲ ಕಮಾನಿಗೆ ಏರಿ ಇಳಿದಿರಬೇಕು, ಮೇಲಿಂದ ಬಂದದ್ದು ಮಾತ್ರ ಅವಳಿಗೆ ಕೇಳುವುದು, ಅವರ ಮಾತು ಕೇಳಿದೆ, ಅದರ ಹಿಂದೆಯೇ ನನ್ನದು, ಆಯ್ತು ಮೇಷ್ಟ್ರೇ, ಹೇಳ್ತೀನಿ, ಅದೂ ಕೇಳಿದೆ. ಮೇಷ್ಟ್ರು ಖುಷಿಯಾಗಿ ತಲೆಯಾಡಿಸುತ್ತಿದ್ದಾರೆ, ನನಗೆ ಸ್ವರ ಸಿಕ್ಕಿಲ್ಲ, ನನ್ನ ಪಕ್ಕದಲ್ಲಿ ಅಕ್ಕನ ಬಾಯಿ, ಅಗಲವಾಗಿ, ತಪ್ಪಿಲ್ಲದೆ, ತಾಳಕ್ಕೆ ಸರಿಯಾಗಿ ತೆರೆಯುತ್ತಿದೆ, ಮುಚ್ಚುತ್ತಿದೆ, ತೆರೆಯುತ್ತಿದೆ —