ತೋಳಿನ ಗಂಟು

ಹಳಿಗಳ ನಡುವೆ ಜಲ್ಲಿಯ ಮೇಲೆ ಅರಳೆ, ಯಾವುದೋ ಹತ್ತಿಯ ಅಂಡಿಗೆಯಿಂದ ಉದುರಿದ್ದು, ಗಾಳಿ ಬಂದರೆ ಎದ್ದು ಮತ್ತೆ ಕೂರುತ್ತದೆ, ಆದವಾನಿಯಲ್ಲಿ ಗಾಡಿ ಹತ್ತುವವರು ಬಟ್ಟೆಗೆ ಇಷ್ಟಾದರೂ ಅಂಟಿಸಿಕೊಂಡೇ ಹೋಗುವುದು, ಮದ್ರಾಸಿನ ಹಾಸ್ಟೆಲಿನಲ್ಲಿ ಹುಡುಗರು ಗುರುಪಾದಯ್ಯನ ಕೋಟಿನಿಂದ ಅದನ್ನು ಹೆಕ್ಕಿ, ತಾತಗಾರೂ, ನಿಮ್ಮ ಗಡ್ಡ ಉದುರಿದೆ ನೋಡಿ ಅಂದಿದ್ದರು, ಮೂವತ್ನಾಲ್ಕಕ್ಕೇ ತಾತ, ಇರಲಿ, ಅಪ್ಪ ಸತ್ತಾಗ ಬಿಟ್ಟುಬಂದ ಇಂಜಿನಿಯರಿಂಗ್ ಓದನ್ನು ಯುದ್ಧವೆಲ್ಲ ಮುಗಿದ ಮೇಲೆ ಮತ್ತೆ ಹಿಡಿದವನನ್ನು ಅವರು ಇನ್ನೇನೆಂದು ಕರೆಯಬೇಕು — ಕೈ ಕೊರಳಿಗೆ ಹೋಯಿತು. ಇಲ್ಲ, ಅಲ್ಲಿಲ್ಲ. ಎಡತೋಳಿನಲ್ಲಿದೆ, ಅಂಗಿಯೊಳಗೆ, ಲಿಂಗವನ್ನು ಕೆಂಪು ವಸ್ತ್ರದಲ್ಲಿಟ್ಟು ಹೆಂಡತಿ ಅಕ್ಕನಾಗಮ್ಮ ಬೆಳಿಗ್ಗೆ ಹಾಕಿದ ಗಂಟು, ನೋಯ್ತದೇನ್ರಿ, ನೋಯ್ಲಿ ಬಿಡ್ರಿ, ಸಡಲಾಗಬಾರದು ನೋಡ್ರಿ. ಮದ್ರಾಸಿನ ವರ್ಕ್‌ಶಾಪಿನಲ್ಲಿ ಮೊದಲ ದಿನ ಲೇಥಿನ ಮೇಲೆ ಬಗ್ಗಿದಾಗ ಅಂಗಿಯಿಂದ ಶಿವದಾರ ಜಾರಿ, ಲಿಂಗವಿದ್ದ ಬೆಳ್ಳಿಯ ಕರಡಿಗೆ, ತಿರುಗುವ ಕಬ್ಬಿಣದ ಮೇಲೆ ಗೇಣು ದೂರದಲ್ಲಿ ತೂಗಿತ್ತು, ಮೇಸ್ತ್ರಿ ಓಡಿಬಂದು ಯಂತ್ರ ನಿಲ್ಲಿಸಿದ, ಆ ದಾರಂ ತೀಸಿ ರಂಡಿ, ತೆಗೆದು ಬನ್ನಿ, ಕೊರಳಲ್ಲಿದ್ದರೆ ಒಳಗೆ ಬಿಡುವುದಿಲ್ಲ, ಒಳಗೆ ಬಿಡದಿದ್ದರೆ ಪರೀಕ್ಷೆಯಿಲ್ಲ, ಅಷ್ಟೇ. ಹುಟ್ಟಿದಾಗ ಕಟ್ಟಿದ್ದು, ಮೈಬಿಟ್ಟು ತೆಗೆಯುವಂತಿಲ್ಲ. ದಸರೆಗೆ ಬಂದು ಹೇಳಿದರೆ ಅಕ್ಕನಾಗಮ್ಮ, ತೋಳಿಗೆ ಕಟ್ಟಿಕೊಳ್ಳೋ ಪದ್ಧತಿನೂ ಐತಲ್ರಿ ಅಂದಳು, ನಿಮ್ಮಪ್ಪನ ಮನಿಯಾಗ ಇರಬೇಕವ್ವ, ಈ ಮನಿಯಾಗ ಎದಿ ಮ್ಯಾಲೇ ಅಂದಳು ಅವ್ವ ಹೂವಮ್ಮ, ಎದಿ ಬಿಟ್ಟು ಇಳಿಸಿದ್ರ ಅವನ ಕೈಲಿ ನಾನು ನೀರು ಮುಟ್ಟಂಗಿಲ್ಲ. ಇವತ್ತು ಹೊರಡುವಾಗ ಅವ್ವ ಹೊರಗೆ ಬರಲಿಲ್ಲ, ತಾನೇ ಹೊಸೆದ ಹೊಸ ದಾರವನ್ನು ವಿಭೂತಿಯ ಜೊತೆ ಪೊಟ್ಟಣ ಕಟ್ಟಿ ಕಳಿಸಿದಳು, ಗಾಡಿಯಾಗ ಹಾಕ್ಕೊಳ್ಳಾಕ ಹೇಳು ಅವಂಗ. ಪೊಟ್ಟಣ ಕೋಟಿನ ಜೇಬಿನಲ್ಲಿದೆ. ತೂಕವೇ ಇಲ್ಲ ಅದಕ್ಕೆ.

ಟ್ರಂಕನ್ನು ಹೊತ್ತು ತಂದ ಹನುಮಣ್ಣ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ, ಮನೆಯವರ ಹತ್ತಿ ಬಿಡಿಸುವ ಜಿನ್ನಿನಲ್ಲಿ ಯಂತ್ರಕ್ಕೆ ಎಣ್ಣೆ ಹಾಕುತ್ತಿದ್ದವನು, ಈಗ ಗೇಟಿನ ಕಾವಲು, ಅಂಗಿಯ ಖಾಲಿ ಬಲತೋಳಿಗೆ ತುದಿಯಲ್ಲಿ ಗಂಟು ಹಾಕಿಕೊಂಡಿದ್ದಾನೆ. ಹತ್ತಿಯ ಸುಗ್ಗಿಯಲ್ಲಿ ಯಂತ್ರ ನಿಲ್ಲಿಸುವ ರೂಢಿ ಯಾವ ಜಿನ್ನಿನಲ್ಲೂ ಇರಲಿಲ್ಲ, ಬೆಲ್ಟು ಓಡುತ್ತಿರುವಾಗಲೇ ಎಣ್ಣೆ, ಧೋತ್ರದ ಚುಂಗು ಶಾಫ್ಟಿಗೆ ಸುತ್ತಿತು, ಬಿಡಿಸಲು ಚಾಚಿದ ಕೈಯೂ. ಆಮೇಲೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಚುಂಗು ಬಿಗೀರಪ್ಪಾ, ಚುಂಗು ಬಿಗೀರಿ ಎಂದು ಕೂಗಿದವನು ಗುರುಪಾದಯ್ಯನೇ, ಶಾಫ್ಟನ್ನು ನೆಲದಡಿಗೆ ಇಳಿಸಿ ಜಿನ್ನು ಕಟ್ಟಬೇಕೆಂದು ಮತ್ತೆ ಓದಲು ಹೊರಟವನು, ಮದ್ರಾಸಿನಲ್ಲಿ ತನ್ನ ಕೊರಳನ್ನು ನೋಡಿಕೊಳ್ಳಲಿಲ್ಲ — ಮತ್ತೆ ಕೈ ಅಲ್ಲಿಗೇ. ಏನು ಹುಡುಕ್ತೀರಿ ಅಯ್ಯನೋರೆ, ಹನುಮಣ್ಣ ನಗುತ್ತಾನೆ, ನಂದೂ ಹಂಗ, ಯಾರಾನ ಬೀಡಿ ಕೊಟ್ರ ಬಲಗೈಲೇ ಇಸಕೊಳ್ಳಾಕ ಹೋಗ್ತೀನಿ ಇವತ್ತಿಗೂ. ಗಾಡಿ ಬಂತು, ಹೊಗೆ, ಎಣ್ಣೆಯ ವಾಸನೆ, ಟ್ರಂಕು ಒಳಗೆ, ಪಾಸಾಗಿ ಬರ್ರಿ ಅಯ್ಯನೋರೆ, ಇಲ್ಲಾಂದ್ರ ನಿಮ್ಮ ಮಗನ ಜೊತಿಗೇ ಕುಂತು ಓದಬೇಕಾಗ್ತದ. ಕಿಟಕಿಯ ಪಕ್ಕ ಕೂತು ಪೊಟ್ಟಣ ಬಿಚ್ಚಿದ, ಬಿಳಿಯ ದಾರ, ಅವ್ವನ ತೊಡೆಯ ಮೇಲೆ ಹೊಸೆದದ್ದು, ಹಾಕಿಕೊಂಡರೆ ಅವ್ವ ನೀರು ಕುಡಿಯುತ್ತಾಳೆ, ವರ್ಕ್‌ಶಾಪಿನ ದಿನ ಮಾತ್ರ ತೋಳಿಗೆ, ಉಳಿದ ದಿನ ಎದೆಗೆ, ಆದೀತು, ಒಂದು ದಿನ ಮರೆತರೆ — ಗಾಡಿ ಜಗ್ಗಿತು. ದಾರವನ್ನು ಮಡಿಸಿ ಜೇಬಿಗಿಟ್ಟ. ರಜೆಗೆ ಬಂದಾಗ ಅವ್ವನ ಮುಂದೆ ನಿಲ್ಲಬೇಕು, ನಿಂತರಾಯಿತು, ನೀರಿನ ತಂಬಿಗೆ ಅವಳ ಮುಂದಿಟ್ಟು ಕಾಯುವುದು, ಪ್ಲಾಟ್‌ಫಾರ್ಮು ಹಿಂದೆ ಸರಿಯುತ್ತದೆ, ಹನುಮಣ್ಣ ಎಡಗೈ ಎತ್ತಿದ್ದಾನೆ, ಗಾಡಿಯ ಗಾಳಿಗೆ ಬಲದ ತೋಳೂ ಎದ್ದಿತು, ಖಾಲಿ, ಗಾಲಿಗಳ ಕಡೆಗೆ ತೂಗಿತು, ತುದಿಯಲ್ಲಿ ಗಂಟು — ಗುರುಪಾದಯ್ಯ ಕಿಟಕಿಗೆ ಬಾಗಿ ಕೂಗಿದ, ಗಂಟು ಹಿಡಕೊಳ್ಳಪ್ಪಾ, ಗಂಟು —