ಒದ್ದೆ ಕೈಗವಸು

ನನ್ನ ಜಾಕೆಟ್ಟನ್ನು ಮೂರನೆಯ ಸಲ ನೆಲದ ಮೇಲೆ ಕಂಡ ದಿನ ಹೊರಗೆ ಮೈನಸ್ ಇಪ್ಪತ್ತೆರಡು ಡಿಗ್ರಿ ಇತ್ತು.

ಬಟ್ಟೆ ಒಣಗಿಸುವ ಕಪಾಟಿನಿಂದ ತೆಗೆದು, ನೆಲ ಒರೆಸುವ ಬಕೆಟ್ಟಿನ ಪಕ್ಕದಲ್ಲಿ ಅದನ್ನು ಮಡಿಸಿ ಇಟ್ಟಿದ್ದರು. ಮೇಲೆ ಕೈಗವಸು, ಅದರ ಮೇಲೆ ಟೋಪಿ. ಎಸೆದಿದ್ದರೆ ಏನೋ ಅವಸರ ಇದ್ದಿರಬೇಕು ಅಂದುಕೊಳ್ಳುತ್ತಿದ್ದೆ. ಇದು ನಿಧಾನವಾಗಿ, ಯೋಚಿಸಿ, ನೀಟಾಗಿ ಇಟ್ಟದ್ದು. ಆ ನೀಟುತನವೇ ನನ್ನ ಹೊಟ್ಟೆ ಉರಿಸಿತು.

ನಾನು ಉತ್ತರ ಧ್ರುವದ ಕಡೆಯ ಔಲು ಎಂಬ ಊರಿನ ಒಂದು ಕಂಪನಿಯ ಊಟದ ಮನೆಯಲ್ಲಿ ಕೆಲಸ ಮಾಡುತ್ತೇನೆ. ಆಲೂಗಡ್ಡೆ ಸುಲಿಯುವುದು, ಸೂಪಿಗೆ ಇಡುವುದು, ತಟ್ಟೆ ತೊಳೆಯುವುದು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳಿಗೆ ಇದು ಒಳ್ಳೆಯ ಕೆಲಸವೇ. ಆದರೆ ಬೆಳಗಿನ ಆರಕ್ಕೆ ಒಲೆ ಹಚ್ಚಬೇಕು, ಅಷ್ಟು ಹೊತ್ತಿಗೆ ನಮ್ಮ ಕಡೆಯಿಂದ ಬಸ್ಸಿಲ್ಲ. ಹಾಗಾಗಿ ವರ್ಷವಿಡೀ ಸೈಕಲ್ಲು. ಟೈರಿನ ಹೊರಮೈಯಲ್ಲಿ ಜಾರದಂತೆ ಹಿಡಿಯುವ ಸಣ್ಣ ಮೊಳೆಗಳಿದ್ದರೆ ಮಂಜುಗಡ್ಡೆಯ ಭಯವಿಲ್ಲ. ಕಷ್ಟವೆಲ್ಲ ಬಟ್ಟೆಯದು.

ಬಟ್ಟೆ ಆರಿಸುವುದನ್ನು ನಾನು ಏಟು ತಿಂದೇ ಕಲಿತೆ. ಮೊದಲ ಚಳಿಗಾಲ ಹತ್ತಿಯ ಅಂಗಿ ತೊಟ್ಟೆ. ಅದು ಬೆವರು ಕುಡಿದು ಬೆನ್ನಿಗೆ ತಣ್ಣನೆಯ ತಗಡಿನಂತೆ ಅಂಟಿಕೊಂಡಿತು. ಮರುವರ್ಷ ದಪ್ಪ ಕೋಟು ತಂದೆ. ಮೊದಲ ಸೇತುವೆ ದಾಟುವುದರೊಳಗೆ ಬೆಂದುಹೋದೆ. ಆಮೇಲೆ ತಿಳಿಯಿತು, ಮನೆ ಬಿಡುವಾಗ ಸ್ವಲ್ಪ ನಡುಗಬೇಕು, ಹಾಗಿದ್ದರೆ ಮಾತ್ರ ದಾರಿಯಲ್ಲಿ ಸರಿಹೋಗುತ್ತದೆ. ಈಗ ಮೈಗೆ ತಾಗಿ ತೆಳು ಉಣ್ಣೆ, ಅದರ ಮೇಲೆ ಇನ್ನೊಂದು ಉಣ್ಣೆ, ಎಲ್ಲದರ ಮೇಲೆ ಗಾಳಿ ತಡೆಯುವ ಜಾಕೆಟ್ಟು, ಬೆವರಿದಾಗ ತೆರೆಯಲು ಕಂಕುಳಲ್ಲಿ ಜಿಪ್ ಇರುವಂಥದ್ದು. ಬೂಟು ಒಂದು ಅಳತೆ ದೊಡ್ಡದು, ಎರಡು ಕಾಲುಚೀಲದ ನಡುವೆ ಗಾಳಿ ಆಡಬೇಕಲ್ಲ. ಕೈಗವಸು ಮಾತ್ರ ಬಹಳ ಸತಾಯಿಸಿತು. ಐದು ಬೆರಳಿನದರಲ್ಲಿ ಬೆರಳು ಒಂಟಿಯಾಗಿ ಸಾಯುತ್ತದೆ, ಚೀಲದಂಥದರಲ್ಲಿ ಬ್ರೇಕು ಹಿಡಿಯಲಾಗದು. ಎರಡೆರಡು ಬೆರಳು ಜೊತೆಯಾಗಿ ಕೂರುವ ಒಂದು ಜೋಡಿಯನ್ನು ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಹುಡುಕಿ ಕೊನೆಗೆ ಕಂಡುಕೊಂಡೆ.

ಏನೇ ಆರಿಸಿದರೂ ಒದ್ದೆಯಾಗುವುದು ತಪ್ಪುವುದಿಲ್ಲ. ಹೊರಗೆ ಹಿಡಿದ ಹಿಮ ಒಳಗೆ ಬಂದೊಡನೆ ನೀರಾಗುತ್ತದೆ, ಒಳಗಿನ ಬೆವರು ಉಣ್ಣೆಯಲ್ಲೇ ಕೂತಿರುತ್ತದೆ. ಅದಕ್ಕೇ ನಮ್ಮಲ್ಲಿ ಶಿಶುವಿಹಾರದಲ್ಲೂ ಬಿಸಿಗಾಳಿಯ ಕಪಾಟು ಇರುತ್ತದೆ, ಮಕ್ಕಳ ಬಟ್ಟೆ ಒಣಗಿಸಲು. ನಮ್ಮ ಕಂಪನಿಯಲ್ಲೂ ಇದೆ. ಬಾಗಿಲ ಮೇಲೆ ಚೀಟಿ ಅಂಟಿಸಿದ್ದಾರೆ: ಸೈಕಲ್ಲಿನಲ್ಲಿ, ನಡೆದು ಬರುವವರಿಗಾಗಿ.

ಮೇಲಿನ ಮಹಡಿಯ ಆಫೀಸಿನವರು ಬರುವುದು ಕಾರಿನಲ್ಲಿ. ಅಂಗಳದಲ್ಲಿ ಪ್ರತಿ ಕಾರಿಗೂ ಒಂದು ಕಂಬ, ಕಂಬಕ್ಕೊಂದು ವೈರು. ಮನೆಗೆ ಹೊರಡುವ ಮುಂಚೆ ಇಂಜಿನ್ನು ಬೆಚ್ಚಗಾಗಿರಲಿ ಎಂದು ಕರೆಂಟು ಕೊಡುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅವರು ಬೆಳಗಿನ ಕತ್ತಲಲ್ಲೇ ಹಿಂದಿನ ಕಾಡಿಗೆ ಸ್ಕೀಯಿಂಗ್ ಹೋಗಿ, ನಾನು ಬಂದ ಬೆನ್ನಿಗೇ ಬೆವರಿ ಬಂದು, ಆ ಬಟ್ಟೆಯನ್ನೆಲ್ಲ ಕಪಾಟಿಗೆ ತುಂಬುತ್ತಾರೆ. ತುಂಬುವ ಮುಂಚೆ ನನ್ನದನ್ನು ತೆಗೆದು ಕೆಳಗಿಡುತ್ತಾರೆ. ಕಾರಿನ ಇಂಜಿನ್ನಿಗೆ ಇರುವ ಬಿಸಿ ನನ್ನ ಕೈಗವಸಿಗೆ ಇಲ್ಲ.

"ಮತ್ತೆ ತೆಗೆದ್ರಾ?" ಎಂದು ಟೆಲ್ಲೆರ್ವೋ ಕೇಳಿದಳು. ಅಡುಗೆಮನೆಯಲ್ಲಿ ನನಗಿಂತ ಮೂವತ್ತು ವರ್ಷ ದೊಡ್ಡವಳು, ನನ್ನ ಪಾಲಿನ ಮಾತನ್ನೂ ಅವಳೇ ಆಡುವವಳು.

ತಲೆ ಆಡಿಸಿದೆ.

"ಮೇಲಿನ ಮಹಡಿಯ ಓಟ್ಸೋನೇ ಇರ್ಬೇಕು. ಆ ಹಳದಿ ಜಾಕೆಟ್ ನೋಡು, ಒಳಗೆ ರಾಜನ ಹಾಗೆ ನೇತಾಡ್ತಿದೆ. ಹೋಗಿ ಹೇಳೇ ರೈಮೋಗೆ."

"ಹೇಳಿದೀನಿ."

"ಹೇಗ್ ಹೇಳ್ದೆ? ಚಮಚಕ್ಕೆ ಹೇಳಿದ್ಯಾ, ರೈಮೋಗೆ ಹೇಳಿದ್ಯಾ?"

ರೈಮೋಗೇ ಹೇಳಿದ್ದೆ. ಸಿಬ್ಬಂದಿಯನ್ನು ನೋಡಿಕೊಳ್ಳುವ ಮುಖ್ಯಸ್ಥ ಅವನು. ಒಂದು ಸಲ ಕಾಫಿ ಯಂತ್ರದ ಹತ್ತಿರ, ಇನ್ನೊಂದು ಸಲ ಅವನ ಕೋಣೆಯ ಬಾಗಿಲಲ್ಲಿ ನಿಂತು. ಎರಡು ಸಲವೂ ನಕ್ಕು, "ಅಯ್ಯೋ ಸೈಮಿ, ಎಲ್ಲರೂ ಸ್ವಲ್ಪ ಹೊಂದ್ಕೊಂಡ್ ಹೋಗೋಣ" ಅಂದಿದ್ದ. ನಮ್ಮಲ್ಲಿ ಯಜಮಾನನನ್ನೂ ಹೆಸರು ಹಿಡಿದು ನೀನು ಎಂದೇ ಕರೆಯುತ್ತಾರೆ. ಎಲ್ಲರೂ ಸಮ ಎಂದು ಅದರ ಅರ್ಥವಂತೆ. ಆ ಸಮಾನತೆ ಬಾಯಿಂದ ಕಪಾಟಿನವರೆಗೆ ನಡೆದು ಬರಲಾರದೆ ದಾರಿಯಲ್ಲೇ ಕೂತುಬಿಟ್ಟಿದೆ.

ಆ ದಿನ ಒದ್ದೆ ಕೈಗವಸು ತೊಟ್ಟೇ ಹೊರಟೆ. ಬೇರೆ ಇರಲಿಲ್ಲ. ಹೊಳೆಯ ಮೇಲಿನ ಗಾಳಿಗೆ ಅದು ಮರದ ತೊಗಟೆಯಂತೆ ಬಿರುಸಾಯಿತು. ಮೊದಲು ಬೆರಳು ಉರಿಯಿತು, ಆಮೇಲೆ ಉರಿ ನಿಂತಿತು. ಉರಿ ನಿಂತರೆ ಬೆರಳು ಹೆಪ್ಪುಗಟ್ಟುತ್ತಿದೆ, ಹೆದರಬೇಕು ಎಂದು ನಮ್ಮೂರಿನ ಮಗುವಿಗೂ ಗೊತ್ತು. ಇಳಿದು, ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸೈಕಲ್ಲನ್ನು ಸೊಂಟದಿಂದ ತಳ್ಳುತ್ತಾ ನಡೆದೆ. ಮನೆಗೆ ಬಂದಾಗ ಬಲಗೈಯ ಎರಡು ಬೆರಳಿನ ತುದಿ ಮೇಣದಂತೆ ಬೆಳ್ಳಗಿತ್ತು. ಬಣ್ಣ ಮರಳಿ ಬರುವಾಗ ನೋವಿಗೆ ಅತ್ತೆ. ಇನ್ನೊಂದು ಸಲ ಹೀಗಾದರೆ ಬೆರಳು ಉಳಿಯುವುದಿಲ್ಲ. ಚಾಕು ಹಿಡಿಯಲಾಗದಿದ್ದರೆ ನನಗೆ ಕೆಲಸವೂ ಇಲ್ಲ.

ಮರುದಿನ ಬೆರಳಿಗೆ ಪಟ್ಟಿ ಸುತ್ತಿಕೊಂಡು ಕ್ಯಾರೆಟ್ ಹೆಚ್ಚುತ್ತಿದ್ದಾಗ ರೈಮೋ ತಾನಾಗಿ ಅಡುಗೆಮನೆಗೆ ಬಂದ.

"ಸೈಮಿ, ನಿನ್ನಿಂದ ಒಂದು ಸಹಾಯ ಆಗ್ಬೇಕು. ಗುರುವಾರ ಸೈಕಲ್ ಸಂಘದೋರು ಬರ್ತಿದಾರೆ. ಸೈಕಲ್ಲಿಗೆ ಅನುಕೂಲ ಮಾಡ್ಕೊಟ್ಟಿರೋ ಕಂಪನಿ ಅಂತ ನಮಗೊಂದು ಫಲಕ ಕೊಡ್ತಾರೆ. ಚಳಿಗಾಲದಲ್ಲೂ ತುಳಿಯೋಳು ನೀನೊಬ್ಳೇ. ನಿನ್ ಫೋಟೋ ಬೇಕು."

ಟೆಲ್ಲೆರ್ವೋ ಸೌಟನ್ನು ಪಾತ್ರೆಯ ಅಂಚಿಗೆ ಕುಟ್ಟಿದಳು. "ಫೋಟೋ ಬೇಕಂತೆ. ಬಟ್ಟೆ ಬೇಡ್ವಂತೆ."

ರೈಮೋ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಥವಾ ಬೇರೆ ಥರ ಹಾಕಿಕೊಂಡ. "ಬಟ್ಟೆ ಯೋಚನೆ ಮಾಡ್ಬೇಡ. ಓಟ್ಸೋ ತನ್ನ ಹಳದಿ ಜಾಕೆಟ್ ಕೊಡ್ತಾನಂತೆ. ಫೋಟೋದಲ್ಲಿ ಚೆನ್ನಾಗ್ ಕಾಣುತ್ತೆ."

ನಾನು ಕ್ಯಾರೆಟ್ಟಿನ ಮೇಲೆ ಚಾಕು ಆಡಿಸುತ್ತಲೇ ಇದ್ದೆ. ಅವನು ಅದನ್ನು ಒಪ್ಪಿಗೆ ಎಂದುಕೊಂಡು ಹೋದ.

ಗುರುವಾರ ಬಟಾಣಿ ಸೂಪಿನ ದಿನ. ಊಟ ಬಡಿಸಿ ಮುಗಿಸುವ ಮೊದಲೇ ಕರೆದರು. ಜಾಕೆಟ್ಟಿನೊಳಗೆ ಓಟ್ಸೋನ ಸುಗಂಧದ ವಾಸನೆ ಇತ್ತು. ಬಟ್ಟೆ ಕೆಟ್ಟದ್ದಲ್ಲ, ಸ್ಕೀಯಲ್ಲಿ ಕೈಕಾಲು ಬೀಸುತ್ತಾ ಓಡುವವನಿಗೆ ಹೊಲಿದದ್ದು; ಎದೆಯ ಮುಂದೆ ಗಾಳಿ ಸೀಳಿಕೊಂಡು ಹೋಗುವವಳಿಗಲ್ಲ. ಅಂಗಳದಲ್ಲಿ ಸುತ್ತು ಹಾಕು, ಇನ್ನೊಂದು ಸುತ್ತು, ಈ ಕಡೆ ನೋಡಿ ನಗು ಎಂದರು. ಗಾಳಿ ನೇರ ಎದೆಯೊಳಗೆ ಹೊಕ್ಕಿತು. ನಗು ಬಂದಿರಲಾರದು.

ಒಳಗೆ ಬಂದ ಮೇಲೆ ಸಂಘದಿಂದ ಬಂದಿದ್ದ ಹೆಂಗಸು ಕನ್ನಡಕದ ಮಂಜು ಒರೆಸಿಕೊಳ್ಳುತ್ತಾ ಕೇಳಿದಳು, "ಬಟ್ಟೆ ಎಲ್ಲಿ ಒಣಗಿಸ್ತೀರಿ?"

"ಬನ್ನಿ ಬನ್ನಿ, ಅದೇ ನಮ್ಮ ಹೆಮ್ಮೆ," ಎಂದ ರೈಮೋ. ಕಪಾಟಿನ ಬಾಗಿಲು ತೆರೆದ. ಒಳಗೆ ತೋಳಿಗೆ ತೋಳು ತಾಗಿಸಿಕೊಂಡು ಸ್ಕೀ ಬಟ್ಟೆಗಳು ಬೆಚ್ಚಗೆ ನೇತಾಡುತ್ತಿದ್ದವು. "ಸೈಮಿದು ಇಲ್ಲೇ ಒಣಗುತ್ತೆ. ಯಾವ್ದು ನಿಂದು ತೋರ್ಸು ಸೈಮಿ."

ಯಾವುದಾದರೂ ಒಂದನ್ನು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಓಟ್ಸೋ ಗೋಡೆಗೆ ಒರಗಿ ಫೋನು ನೋಡುತ್ತಿದ್ದ. ನನ್ನ ಬಟ್ಟೆ ಅವನ ಕಾಲ ಬಳಿ, ಬಕೆಟ್ಟಿನ ಪಕ್ಕದಲ್ಲಿ, ಅದೇ ನೀಟು ಮಡಿಕೆಯಲ್ಲಿ.

ನಾನು ಕೆಳಗೆ ಬಕೆಟ್ಟಿನ ಕಡೆ ನೋಡಿದೆ.

"ಸ್ವಲ್ಪ ನಾಚಿಕೆ ಸ್ವಭಾವ ಇವಳ್ದು," ಎಂದು ರೈಮೋ ಅವಳಿಗೆ ನಗುತ್ತಾ ಹೇಳಿದ.

ನಾಚಿಕೆ ನನ್ನದು ಹೌದು, ಹುಟ್ಟಿನಿಂದ ಇದೆ. ಆದರೆ ಆ ಹೊತ್ತಿನಲ್ಲಿ ನಾಚಬೇಕಾದವಳು ನಾನಲ್ಲ. ನನ್ನ ನಾಚಿಕೆಯನ್ನು ಇವನು ತನ್ನ ಸುಳ್ಳಿಗೆ ಹೊದಿಕೆ ಮಾಡಿಕೊಳ್ಳುತ್ತಿದ್ದಾನೆ ಅನ್ನಿಸಿ ಕಿವಿ ಕಾದವು. ಹಳದಿ ಜಾಕೆಟ್ಟು ಬಿಚ್ಚಿ ರೈಮೋನ ತೋಳಿನ ಮೇಲೆ ಹಾಕಿದೆ. ಕಪಾಟಿನಿಂದ ಒಂದು ಪ್ಯಾಂಟು ತೆಗೆದು ಅದರ ಮೇಲೆ ಹಾಕಿದೆ. ಒಂದು ಅಂಗಿ. ಮತ್ತೊಂದು ಪ್ಯಾಂಟು. ಯಾವುದನ್ನೂ ಎಸೆಯಲಿಲ್ಲ. ಅವನು ಕೈ ಚಾಚಿಕೊಂಡು ಹಾಗೇ ನಿಂತಿದ್ದ, ರಾಶಿ ಗದ್ದದವರೆಗೂ ಏರಿತು.

ಆಮೇಲೆ ಓಟ್ಸೋನ ಮುಂದೆ ಬಗ್ಗಿದೆ. "ಕಾಲು ಸ್ವಲ್ಪ ಸರಿಸು." ಸರಿಸಿದ. ಇನ್ನೂ ಒದ್ದೆಯಾಗಿದ್ದ ಜಾಕೆಟ್ಟನ್ನು ಒಳಗೆ ತೂಗುಹಾಕಿದೆ, ಕೈಗವಸುಗಳನ್ನು ಬಾಯಿ ತೆರೆದು ಬಿಸಿಗಾಳಿಯ ಕೊಳವೆಗೆ ಸಿಕ್ಕಿಸಿದೆ, ಬಾಗಿಲು ಹಾಕಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ.

"ನಂದು ನೆಲದ ಮೇಲಿತ್ತು," ಎಂದೆ ಆ ಹೆಂಗಸಿಗೆ. "ಇದು ನಾಲ್ಕನೇ ಸಲ. ಇದು ಅದರಿಂದಾದದ್ದು." ಪಟ್ಟಿ ಸುತ್ತಿದ ಬೆರಳು ತೋರಿಸಿದೆ.

ಅವಳು ಬಾಗಿಲ ಮೇಲಿನ ಚೀಟಿ ಓದಿದಳು, ರೈಮೋನ ತೋಳಿನ ರಾಶಿ ನೋಡಿದಳು. "ಫಲಕದ ವಿಷಯ ವಸಂತದಲ್ಲಿ ಮತ್ತೆ ಬಂದು ನೋಡ್ತೀನಿ," ಎಂದು ಕೈಗವಸು ತೊಟ್ಟುಕೊಂಡಳು.

ಅವಳು ಹೋದ ಮೇಲೆ ರೈಮೋ ಅಡುಗೆಮನೆಗೆ ಬಂದ. ನಾನು ಸೂಪಿನ ಪಾತ್ರೆ ಉಜ್ಜುತ್ತಿದ್ದೆ.

"ಹೊರಗಿನವರ ಮುಂದೆ ಹೀಗ್ ಮಾಡೋದಾ? ಮೊದಲೇ ನನ್ ಹತ್ರ ಹೇಳ್ಬಹುದಿತ್ತಲ್ಲ."

"ಹೇಳಿದ್ದೆ. ಎರಡು ಸಲ."

ಅವನು ತೋಳಿಗೆ ಅಂಟಿದ್ದ ಉಣ್ಣೆಯ ಎಳೆ ಕಿತ್ತ. "ಇಷ್ಟ್ ಗಟ್ಟಿಯಾಗಿ ಹೇಳಿರ್ಲಿಲ್ಲ."

"ಈಗ ಕೇಳಿಸ್ತಾ?" ಎಂದಳು ಟೆಲ್ಲೆರ್ವೋ ಅವನಿಗೆ ಬೆನ್ನು ಹಾಕಿಕೊಂಡೇ. "ಕೇಳ್ಸಿದ್ರೆ ನನ್ ಬೂಟಿಗೂ ಜಾಗ ಮಾಡು. ನಾನೂ ನಡ್ಕೊಂಡೇ ಬರೋದು, ಇಷ್ಟು ವರ್ಷ ಒದ್ದೆ ಬೂಟಲ್ಲೇ ಮನೆಗೆ ಹೋಗಿದೀನಿ."

ಅವಳು ಬೂಟು ಎತ್ತಿಕೊಂಡು ಹೊರಟಳು. ರೈಮೋ ದಾರಿ ಬಿಟ್ಟ. ಅವಳು ಇಷ್ಟು ವರ್ಷ ಒದ್ದೆ ಕಾಲಲ್ಲಿ ನಡೆದಿದ್ದಾಳೆ ಎಂಬುದು ಪಕ್ಕದಲ್ಲೇ ನಿಂತು ಕೆಲಸ ಮಾಡುವ ನನಗೂ ಗೊತ್ತಿರಲಿಲ್ಲ. ಹೆಂಗಸರು ಒದ್ದೆಯಲ್ಲಿ ಮನೆಗೆ ಹೋಗುವುದು ಇಲ್ಲಿ ಹೇಳಿಕೊಳ್ಳುವಂಥ ಸಂಗತಿಯೇ ಆಗಿರಲಿಲ್ಲ. ನಾನು ಪಾತ್ರೆಯನ್ನು ಇನ್ನಷ್ಟು ಜೋರಾಗಿ ಉಜ್ಜಿದೆ.

ಮೂರು ಗಂಟೆಗೆ ಮನೆಗೆ ಹೊರಡಲು ಕಪಾಟು ತೆರೆದಾಗ ಕೈಗವಸು ಒಣಗಿತ್ತು.